ಈ ಪುಸ್ತಕ ಓದಲು ಎಷ್ಟು ದಿನ ಬೇಕು?

ಬೇಸಿಗೆ ರಜೆ ಆರಂಭವಾಗಲು ಇನ್ನೂ ವಾರವಿತ್ತು. ಮಚ್ಛೆಯ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ದುಡಿಯುವ ಪಾಲಕರೊಬ್ಬರು ಸೆಕೆಂಡ್ ಶಿಫ್ಟಿಗೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಎಂಟನೇ ಇಯತ್ತೆಯ ಮಗ ನಮ್ಮ ಗ್ರಂಥಾಲಯದ ಅಲಮಾರಿಯಿಂದ ಒಯ್ದಿದ್ದ ಪುಸ್ತಕ.

"ಸರ, ಹುಡುಗಾ ಇದನ್ನ ಹಿಡಕೊಂಡು ಎಂಟ ದಿನಾ ಆತ್ರೀ. ಇನ್ನಾ ಹದಿನೆಂಟನೇ ಪಾನಾದಾಗ ಅದಾನು. ಹಿಂಗಾದ್ರ ಯಾವಾಗ ಮುಗೀತೈತ್ರೀ? ತಲೀ ಏನರ ಮಂದ ಐತೇನ್ರೀ ಅವಂದು?"

ಬೆಳಕಿಗೆ ಸೂರ್ಯನಿಂದ ಭೂಮಿಗೆ ಬರಲು ಎಷ್ಟು ಹೊತ್ತು ಬೇಕೆಂದು ಕೇಳಿದ್ದರೆ ಕೂಡಲೇ ಹೇಳುತ್ತಿದ್ದೆ. ಮೂವತ್ತು ವರ್ಷಗಳಿಂದ ಅದನ್ನೇ ಹೇಳುತ್ತ ಬಂದಿದ್ದೇನೆ. ಆದರೆ ಹದಿಮೂರು ವರ್ಷದ ಹುಡುಗನೊಬ್ಬನಿಗೆ ಒಂದು ಕಾದಂಬರಿ ಓದಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ನಾಕ ದಿನಾ ಟೈಮ್ ಕೊಡ್ರಿ, ಲೆಕ್ಕಾ ಮಾಡಿ ಹೇಳ್ತೀನಿ" ಎಂದೆ. ಅವರು ನಕ್ಕು ಹೋದರು. ನಾನು ಮಾತ್ರ ನಿಜವಾಗಿಯೇ ಲೆಕ್ಕಕ್ಕೆ ಕುಳಿತೆ.

ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಪ್ರಕಟವಾದದ್ದು. ಮಕ್ಕಳಿಗಾಗಿ ಬರೆದ ಕೃತಿ ಅಲ್ಲ ನಿಜ. ಆದರೆ ಮೂಡಿಗೆರೆಯ ಕಾಡಿನಲ್ಲಿ ಒಬ್ಬ ವಿಜ್ಞಾನಿ, ಒಬ್ಬ ರೈತ, ಓದು ಬರಹ ಹೆಚ್ಚಿಲ್ಲದಿದ್ದರೂ ಕಣ್ಣು ಚುರುಕಾಗಿರುವ ಮಂದಣ್ಣ, ಜೊತೆಗೊಂದು ನಾಯಿ, ಇವರೆಲ್ಲ ಸೇರಿ ಹಾರುವ ಓತಿಯೊಂದನ್ನು ಹುಡುಕಿ ಹೊರಡುವ ಕಥೆ ಎಂದರೆ ಎಂಟನೇ ಇಯತ್ತೆಯ ಹುಡುಗರಿಗೆ ಇನ್ನೇನು ಬೇಕು? ನಮ್ಮ ಅಲಮಾರಿಯಲ್ಲಿ ಅತಿ ಹೆಚ್ಚು ಮಾಸಿರುವ ರಟ್ಟು ಅದರದ್ದೇ.

ಅಲಮಾರಿಯ ಕೀಲಿ ಕೈ ನನ್ನ ಬಳಿ ಇದೆ. ವಿಜ್ಞಾನ ಶಿಕ್ಷಕನಿಗೆ ಪ್ರಯೋಗಾಲಯದ ಜೊತೆಗೆ ಗ್ರಂಥಾಲಯವನ್ನೂ ಕಟ್ಟಿಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಪುಸ್ತಕ ಒಯ್ದವರು 15 ದಿನದಲ್ಲಿ ತಿರುಗಿ ಕೊಡಬೇಕೆಂಬ ನಿಯಮ ಮಾಡಿದವನೂ ನಾನೇ. ಆ ನಿಯಮದಿಂದ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಬೇಕು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಇದೇ ಪುಸ್ತಕವನ್ನು ಒಯ್ದು ಒಂದು ತಿಂಗಳಾದರೂ ಕೊಟ್ಟಿರಲಿಲ್ಲ. ವರ್ಗದಲ್ಲಿ ಎಲ್ಲರ ಎದುರು ಎಬ್ಬಿಸಿ ನಿಲ್ಲಿಸಿ, "ಇದನ್ನ ನಾನು ಪಿಯುಸಿಯೊಳಗ ಒಂದ ರಾತ್ರಿಯಾಗ ಓದಿ ಮುಗಿಸೀನಿ. ನಿನಗ ತಿಂಗಳಾ ಸಾಲೂದುಲ್ಲೇನು?" ಎಂದೆ. ಹುಡುಗಿ ಮಾತಾಡದೆ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಸಂಜೆ ಅದನ್ನು ಅಲಮಾರಿಯಲ್ಲಿ ಇಡುವಾಗ ಒಳಗೆ ಮಡಚಿಟ್ಟ ಬಸ್ ಟಿಕೆಟ್ ಕಾಣಿಸಿತು. ಅವಳು ಓದುತ್ತಿದ್ದ ಪುಟದ ಗುರುತು. ಅಲ್ಲಿಂದ ಮುಂದೆ ಉಳಿದಿದ್ದದ್ದು ಹತ್ತೋ ಹನ್ನೆರಡೋ ಪುಟ. ಮರುದಿನ ಕರೆದು ಕೊಡಬಹುದಿತ್ತು. ಕೊಡಲಿಲ್ಲ. ಶಿಸ್ತು ಎಂಬುದೊಂದು ಇರುತ್ತದಲ್ಲ! ಆ ಹುಡುಗಿ ಶಾಲೆ ಬಿಡುವವರೆಗೆ ಮತ್ತೊಂದು ಪುಸ್ತಕ ಒಯ್ಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಖಾನಾಪುರ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಬಗಲಲ್ಲಿ ಕೂಸು. ಕ್ಷೇಮ ಸಮಾಚಾರ ಆದ ಮೇಲೆ, "ಸರ, ಆ ಹಾರೂ ಓತಿಕ್ಯಾತ ಕಡೀಕ ಸಿಕ್ತೇನ್ರೀ ಅವರಿಗೆ?" ಎಂದು ಕೇಳಿದಳು. ನಗುತ್ತಲೇ ಕೇಳಿದಳು. ನನಗೆ ಮಾತ್ರ ನಗು ಬರಲಿಲ್ಲ. ಆ ಕಥೆಯ ಕೊನೆಯನ್ನು ಬಸ್ಸಿನ ಗದ್ದಲದಲ್ಲಿ ಎರಡು ಮಾತಿನಲ್ಲಿ ಹೇಳಿಬಿಡಲು ಮನಸ್ಸೂ ಬರಲಿಲ್ಲ. ಊರ ಹೆಸರು ಕೇಳಿಕೊಂಡು ಪುಸ್ತಕ ಕಳಿಸಿಕೊಟ್ಟೆ. ಆ ಮೇಲೆ ಅಲಮಾರಿಯ 15 ದಿನದ ನಿಯಮವನ್ನು ಹೊಡೆದು ಹಾಕಿದೆ.

ಆದ್ದರಿಂದ ಫೌಂಡ್ರಿಯ ಪಾಲಕರ ಪ್ರಶ್ನೆ ನನಗೆ ಬರಿಯ ಕುತೂಹಲದ್ದಾಗಿರಲಿಲ್ಲ.

ಪುಟ, ಪದ, ನಿಮಿಷ

ಲೆಕ್ಕ ಕಠಿಣವಲ್ಲ. ಯಾವ ಪಾಲಕರಾದರೂ ಮನೆಯಲ್ಲಿ ಮಾಡಬಹುದು. ಪುಸ್ತಕದ ನಡುವಿನ ಒಂದು ಪುಟ ತೆಗೆಯಿರಿ. ಸಾಲುಗಳನ್ನು ಎಣಿಸಿ, 28 ಇವೆ ಎನ್ನೋಣ. ನಾಲ್ಕೈದು ಸಾಲುಗಳ ಪದಗಳನ್ನು ಎಣಿಸಿ ಸರಾಸರಿ ತೆಗೆಯಿರಿ. 7 ಬಂತು ಎನ್ನೋಣ. ಗುಣಿಸಿದರೆ 196. ಸಂಭಾಷಣೆಯ ಅರ್ಧ ಸಾಲು, ಅಧ್ಯಾಯದ ತುದಿಯ ಖಾಲಿ ಜಾಗ ಕಳೆದು 180 ಎಂದು ಹಿಡಿಯಬಹುದು. ಪುಸ್ತಕಕ್ಕೆ 150 ಪುಟವೆಂದರೆ 27,000 ಪದ. (ಪುಟಗಳ ಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ. ನಿಮ್ಮ ಕೈಯಲ್ಲಿರುವ ಪ್ರತಿಯದ್ದನ್ನೇ ಎಣಿಸಿಕೊಳ್ಳಿ.)

ನಿಮಿಷಕ್ಕೆ 60 ಪದ ಓದುವ ಮಗುವಿಗೆ 27,000 ಪದಕ್ಕೆ 450 ನಿಮಿಷ ಬೇಕು, ಅಂದರೆ ಏಳೂವರೆ ತಾಸು. 90 ಪದ ಓದುವವನಿಗೆ ಐದು ತಾಸು. 120 ಓದುವವಳಿಗೆ ಮೂರೂ ಮುಕ್ಕಾಲು. ದಿನಕ್ಕೆ 20 ನಿಮಿಷ ಓದಿದರೆ ಮೊದಲಿನವನಿಗೆ 23 ದಿನ, ಕೊನೆಯವಳಿಗೆ 12 ದಿನ. ನನ್ನ 15 ದಿನದ ನಿಯಮ ಯಾರಿಗೆ ಅನುಕೂಲವಾಗಿತ್ತು, ಯಾರನ್ನು ತಪ್ಪಿತಸ್ಥರನ್ನಾಗಿ ಮಾಡುತ್ತಿತ್ತು ಎಂಬುದು ಈ ನಾಲ್ಕು ಸಾಲಿನ ಗಣಿತದಲ್ಲೇ ಕಾಣುತ್ತದೆ. ಮೊದಲೇ ಮಾಡಿ ನೋಡಿರಲಿಲ್ಲ, ಅಷ್ಟೇ.

ಈ 60 ಎಂಬುದು ಎಲ್ಲಿಂದ ಬಂತೆಂದು ಕೇಳಬಹುದು. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ನಿಪುಣ ಭಾರತ' ಯೋಜನೆಯಲ್ಲಿ ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥವಾಗುವಂತೆ ಓದಬೇಕೆಂಬ ಗುರಿ ಇದೆ. ಗುರಿ ಗುರಿಯೇ. 2024ರ 'ಅಸರ್' ಸಮೀಕ್ಷೆಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಐದನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಸುಮಾರು 45 ಮಂದಿ. ಹೀಗಿರುವಾಗ ಎಂಟನೇ ಇಯತ್ತೆಗೆ ಬಂದ ಹುಡುಗ ಸ್ವಂತ ಮನಸ್ಸಿನಿಂದ ಒಂದು ಕಾದಂಬರಿ ಎತ್ತಿಕೊಂಡು ಎಂಟು ದಿನ ಬಿಡದೆ ಹಿಡಿದಿದ್ದಾನೆಂದರೆ ಅವನ ತಂದೆ ಚಿಂತಿಸುವ ಬದಲು ಪೇಢೆ ಹಂಚಬೇಕು.

ಇಂಗ್ಲಿಷಿನ ಅಳತೆ, ಕನ್ನಡದ ಬಟ್ಟೆ

ಇಲ್ಲೊಂದು ಎಚ್ಚರಿಕೆ ಬೇಕು. ಬೆಳಗಾವಿಯ ಇಂಗ್ಲಿಷ್ ಶಾಲೆಯಲ್ಲಿ ಓದುವ ಅಣ್ಣನ ಮಗಳು ನಿಮಿಷಕ್ಕೆ 140 ಪದ ಓದುತ್ತಾಳೆ, ನಮ್ಮ ಕನ್ನಡ ಶಾಲೆಯ ಹುಡುಗ 90 ಮಾತ್ರ ಎಂದು ಹೋಲಿಸುವ ಪಾಲಕರಿದ್ದಾರೆ. ಈ ಹೋಲಿಕೆಯೇ ತಪ್ಪು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 17 ಭಾಷೆಗಳ ದೊಡ್ಡವರಿಂದ ಒಂದೇ ಬಗೆಯ ಪಾಠಗಳನ್ನು ಗಟ್ಟಿಯಾಗಿ ಓದಿಸಿ ಅಳೆದರು. ಇಂಗ್ಲಿಷಿನವರು ನಿಮಿಷಕ್ಕೆ ಸರಾಸರಿ 228 ಪದ ಓದಿದರೆ ಫಿನ್‌ಲೆಂಡಿನವರು ಓದಿದ್ದು 161. ಹಾಗೆಂದು ಫಿನ್‌ಲೆಂಡಿನ ಜನ ಮಂದರೇ? ಅಲ್ಲ. ಅವರ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ, ಪದ ಉದ್ದವಾಗುತ್ತದೆ. ಆ ಹದಿನೇಳರಲ್ಲಿ ಕನ್ನಡ ಇರಲಿಲ್ಲ, ಆದರೆ ನಮ್ಮ ಜಾತಕವೂ ಅದೇ. 'ಹೋಗಬೇಕಾಗಿತ್ತಲ್ಲ' ಎಂಬುದು ನಮಗೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದ ಬೇಕು. ರೂಪಾಯಿಯನ್ನೂ ನಾಲ್ಕಾಣೆಯನ್ನೂ 'ಒಂದು ನಾಣ್ಯ' ಎಂದು ಎಣಿಸಿದರೆ ಲೆಕ್ಕ ಸರಿಹೋದೀತೇ? 2022ರಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ಮೂರನೇ ತರಗತಿಯ ಮಕ್ಕಳ ಓದನ್ನು ಅಳೆದಾಗ ಭಾಷೆಗೊಂದು ಗೆರೆಯನ್ನು ಬೇರೆ ಬೇರೆಯಾಗಿ ಹಾಕಿದ್ದು ಇದೇ ಕಾರಣಕ್ಕೆ.

ವೇಗದಂತೆಯೇ ಪುಸ್ತಕದ ಕಾಠಿಣ್ಯವನ್ನು ಅಳೆಯುವ ಸೂತ್ರಗಳೂ ಇವೆ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರುಡಾಲ್ಫ್ ಫ್ಲೆಶ್ ಎಂಬಾತ 1948ರಲ್ಲಿ ಒಂದು ಸೂತ್ರ ಕೊಟ್ಟ. ವಾಕ್ಯದಲ್ಲಿ ಸರಾಸರಿ ಎಷ್ಟು ಪದ ಎಂಬುದನ್ನು 1.015ರಿಂದ ಗುಣಿಸಬೇಕು. ಪದದಲ್ಲಿ ಸರಾಸರಿ ಎಷ್ಟು ಉಚ್ಚಾರಾಂಶ ಎಂಬುದನ್ನು 84.6ರಿಂದ ಗುಣಿಸಬೇಕು. ಎರಡನ್ನೂ 206.835ರಿಂದ ಕಳೆಯಬೇಕು. ನೂರರ ಹತ್ತಿರ ಬಂದರೆ ಬಲು ಸುಲಭ, 30ಕ್ಕಿಂತ ಕೆಳಗಿಳಿದರೆ ಬಲು ಕಠಿಣ. ಮುಂದೆ 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಇದನ್ನು ತಿದ್ದಿ ತರಗತಿಯ ಲೆಕ್ಕಕ್ಕೆ ತಂದರು. ಇಂದಿಗೂ ಇಂಗ್ಲಿಷ್ ಮಕ್ಕಳ ಪುಸ್ತಕಗಳ ಬೆನ್ನಿನ ಮೇಲೆ 'ಇಂಥ ವಯಸ್ಸಿನವರಿಗೆ' ಎಂದು ಹಾಕುವುದರ ಹಿಂದೆ ಇಂಥ ಸೂತ್ರಗಳ ಕೈವಾಡ ಉಂಟು.

ನನಗೆ ಸೂತ್ರ ಸಿಕ್ಕಿದರೆ ಕೈ ಸುಮ್ಮನಿರುವುದಿಲ್ಲ. 'ನಾಯಿ ಮನೆಯ ಮುಂದೆ ಮಲಗಿತ್ತು' ಎಂಬ ವಾಕ್ಯಕ್ಕೆ ಹಚ್ಚಿ ನೋಡಿದೆ. ನಾಲ್ಕು ಪದ, ಹನ್ನೊಂದು ಉಚ್ಚಾರಾಂಶ, ಸರಾಸರಿ 2.75. ಉತ್ತರ: ಋಣ 30! ಅಂದರೆ ಒಂದನೇ ಇಯತ್ತೆಯ ಮಕ್ಕಳು ಓದುವ ನಾಯಿಯ ವಾಕ್ಯವು ಅಮೆರಿಕದ ಕಾನೂನು ಪುಸ್ತಕಕ್ಕಿಂತ ಕಠಿಣವೆಂದಾಯಿತು. ಇನ್ನು 'ಕರ್ವಾಲೊ'ವನ್ನು ಈ ತಕ್ಕಡಿಯಲ್ಲಿಟ್ಟರೆ ಅದನ್ನು ಭೂಮಿಯ ಮೇಲೆ ಯಾರೂ ಓದಲಾರರು. ಸೂತ್ರ ಸುಳ್ಳಲ್ಲ. ಇಂಗ್ಲಿಷಿನಲ್ಲಿ ಉದ್ದ ಪದಗಳು ಬಹುಮಟ್ಟಿಗೆ ಅಪರೂಪದ, ಕಲಿತವರ ಪದಗಳು; ಆದ್ದರಿಂದ ಅಲ್ಲಿ ಉದ್ದ ಅಳೆದರೆ ಕಾಠಿಣ್ಯ ಅಳೆದಂತೆ. ನಮ್ಮಲ್ಲಿ 'ಮಲಗಿಕೊಂಡಿದ್ದನಂತೆ' ಎಂಬ ಉದ್ದ ಪದ ಅಜ್ಜಿಯ ಬಾಯಲ್ಲಿ ದಿನಾ ಬರುತ್ತದೆ. 'ಋಣ' ಎಂಬ ಎರಡಕ್ಷರದ ಪದಕ್ಕೆ ಹುಡುಗ ತಡವರಿಸುತ್ತಾನೆ.

ಹಾಗಾದರೆ ಕನ್ನಡದಲ್ಲಿ ಕಷ್ಟ ಎಲ್ಲಿದೆ? ಮೊದಲಿನ ಕಷ್ಟ ಅಕ್ಷರದಲ್ಲೇ ಇದೆ. ಇಂಗ್ಲಿಷ್ ಮಗುವಿಗೆ 26 ಅಕ್ಷರ. ನಮ್ಮ 34 ವ್ಯಂಜನಗಳಿಗೆ 13 ಸ್ವರ ಕೂಡಿಸಿದರೆ ಕಾಗುಣಿತವೇ 442. ಅದರ ಮೇಲೆ ಒತ್ತಕ್ಷರಗಳು. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆಂದು ಕಂಡುಬಂದಿದೆ. ಕನ್ನಡದ ಮಗುವಿಗೆ ಅಕ್ಷರ ಮಾಲೆಯ ಹಾದಿಯೇ ಉದ್ದ. ಒಮ್ಮೆ ದಾಟಿದರೆ ಬರೆದಂತೆ ಓದಬಹುದೆಂಬ ಸುಖವೂ ಉಂಟು, ಇಂಗ್ಲಿಷಿನಂತೆ ಕಾಗುಣಿತದ ಕಣ್ಣಾಮುಚ್ಚಾಲೆ ಇಲ್ಲ.

ನಮ್ಮ ಮಚ್ಛೆಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಅನೇಕರ ಮನೆಯ ಮಾತು ಮರಾಠಿ. 'ಸೂರ್ಯ' ಎಂದು ಬರೆಯುವಾಗ ಮರಾಠಿಯ ರಫಾರ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಕನ್ನಡದ ಅರ್ಕಾವೊತ್ತು ಯಕಾರದ ಬಲಕ್ಕೆ ಕೂರುತ್ತದೆ, ಆದರೆ ಯಕಾರಕ್ಕಿಂತ ಮೊದಲೇ ಉಚ್ಚರಿಸಬೇಕು. ಕಣ್ಣು ಮುಂದೆ ಹೋಗಿ ನಾಲಗೆ ಹಿಂದೆ ಬರಬೇಕು. 'ಕಾರ್ಖಾನೆ'ಯ ಪಕ್ಕದಲ್ಲೇ ಬೆಳೆದ ಹುಡುಗ ಆ ಪದವನ್ನು ಪುಸ್ತಕದಲ್ಲಿ ಕಂಡಾಗ ಅರೆಗಳಿಗೆ ನಿಲ್ಲುವುದು ಇದರಿಂದಲೇ ಹೊರತು ಮಂದಬುದ್ಧಿಯಿಂದಲ್ಲ. ಮತ್ತೆ, ಮನೆಯಲ್ಲಿ ಭಾ. ರಾ. ಭಾಗವತರ ಫಾಸ್ಟರ್ ಫೇಣೆಯ ಸಾಹಸಗಳನ್ನು ಮರಾಠಿಯಲ್ಲಿ ಓದಿಕೊಂಡ ಮಕ್ಕಳು ಕನ್ನಡದ ಕಾದಂಬರಿಗೂ ಬೇಗ ಒಗ್ಗುವುದನ್ನು ನಾನು ಕಂಡಿದ್ದೇನೆ. ಸಾಹಸ ಕಥೆಯ ನಡೆ ಒಂದು ಭಾಷೆಯಲ್ಲಿ ಗೊತ್ತಾದರೆ ಇನ್ನೊಂದರಲ್ಲೂ ಕೈಹಿಡಿಯುತ್ತದೆ. 'ಮರಾಠಿ ಪುಸ್ತಕ ಓದಬೇಡ, ಕನ್ನಡ ಕೆಡುತ್ತದೆ' ಎನ್ನುವವರು, 'ಕನ್ನಡ ಓದಬೇಡ' ಎನ್ನುವವರು, ಇಬ್ಬರೂ ನಮ್ಮ ಊರಲ್ಲಿದ್ದಾರೆ. ಇಬ್ಬರ ಮಾತನ್ನೂ ನಾನು ಕೇಳುವುದಿಲ್ಲ.

ಕಣ್ಣು ಜಿಗಿಯುತ್ತದೆ

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ. ಅದು ಮಿಡತೆಯಂತೆ ಜಿಗಿಯುತ್ತದೆ. ಒಂದು ಕಡೆ ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ನಿಂತು, ಮುಂದಿನ ತಾಣಕ್ಕೆ ಹಾರುತ್ತದೆ. ಹಾರುವಾಗ ಏನೂ ಕಾಣುವುದಿಲ್ಲ, ನಿಂತಾಗಲೇ ಓದು. ನುರಿತ ಓದುಗರಲ್ಲೂ ಹತ್ತರಲ್ಲಿ ಒಂದಾದರೂ ಜಿಗಿತ ಹಿಂದಕ್ಕಿರುತ್ತದೆ. ಮಕ್ಕಳಲ್ಲಿ ನಿಲುಗಡೆ ಹೆಚ್ಚು ಹೊತ್ತು, ಹಿಂಜಿಗಿತವೂ ಹೆಚ್ಚು. ಪರೀಕ್ಷಿಸಬೇಕೆಂದರೆ ಮಗುವಿನ ಎದುರು ಕುಳಿತು, ಅದು ಹಿಡಿದ ಪುಸ್ತಕದ ಮೇಲಂಚಿನಿಂದ ಅದರ ಕಣ್ಣುಗಳನ್ನೇ ನೋಡಿ. ಜಿಗಿತಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ದುಡ್ಡು ಖರ್ಚಿಲ್ಲದ ಪ್ರಯೋಗ. ನಮ್ಮ ವರ್ಗದಲ್ಲಿ ಇದನ್ನು ಮಾಡಿಸಿದ ದಿನ ಯಾರೂ ಓದಲಿಲ್ಲ, ಎಲ್ಲರೂ ಒಬ್ಬರ ಕಣ್ಣು ಒಬ್ಬರು ನೋಡಿ ನಕ್ಕರು.

ಈ ನಿಲುಗಡೆಗಳು ಹೆಚ್ಚಾದಾಗ ಆಗುವ ನಷ್ಟ ಬರಿಯ ಸಮಯದ್ದಲ್ಲ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವಾಗ ಎಂಬುದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡೇ ತುದಿ ಮುಟ್ಟಬೇಕು. ನಡುವೆ ಎರಡು ಒತ್ತಕ್ಷರಕ್ಕೆ ಎಡವಿದರೆ ಹೊತ್ತದ್ದು ಚೆಲ್ಲಿಹೋಗುತ್ತದೆ. ಹುಡುಗ ವಾಕ್ಯದ ತಲೆಗೆ ಮರಳಿ ಬರುತ್ತಾನೆ. ನೋಡುವವರಿಗೆ 'ಅದೇ ಸಾಲು ಎಷ್ಟು ಸಲ ಓದ್ತೀಯೋ' ಎನ್ನಿಸುತ್ತದೆ. ಅವನು ಮಾಡುತ್ತಿರುವುದು ಸರಿಯಾದ ಕೆಲಸವನ್ನೇ.

ಈಗ ನಮ್ಮ ಹುಡುಗನಿಗೆ ಬರೋಣ. ಪ್ರಯೋಗಾಲಯದಲ್ಲಿ ಲೋಲಕದ ಆಂದೋಲನ ಎಣಿಸಲು ಬಳಸುವ ಸ್ಟಾಪ್‌ವಾಚ್ ತಂದು ಅವನನ್ನು ಓದಲು ಕೂರಿಸಿದೆ. ಅದು ನನ್ನ ಎರಡನೆಯ ತಪ್ಪು. ಗಡಿಯಾರ ಕಂಡದ್ದೇ ತಡ, ಒತ್ತಕ್ಷರಗಳನ್ನೆಲ್ಲ ನುಂಗಿ, ಪೂರ್ಣವಿರಾಮಗಳನ್ನು ಹಾರಿ, ರೈಲಿನಂತೆ ಓಡಿದ. "ಏನ ಓದಿದ್ಯಪಾ?" ಎಂದರೆ ಬಾಯಿ ಬಿಟ್ಟ. ಮರುದಿನ ವಾಚನ್ನು ಕಿಸೆಯಲ್ಲಿಟ್ಟುಕೊಂಡು, ನಾನು ಉತ್ತರ ಪತ್ರಿಕೆ ತಿದ್ದುತ್ತಿರುವಂತೆ ನಟಿಸುತ್ತ, ಅವನಷ್ಟಕ್ಕೆ ಓದಲು ಬಿಟ್ಟೆ. ಒಂದು ಪುಟಕ್ಕೆ ನಾಲ್ಕು ನಿಮಿಷ ತೆಗೆದುಕೊಂಡ. ಅಂದರೆ ನಿಮಿಷಕ್ಕೆ 45 ಪದ.

ಈ ಒಂದು ಅಂಕಿಯಿಂದ ಗುಟ್ಟು ಬಯಲಾಯಿತು. 18 ಪುಟಕ್ಕೆ ನಾಲ್ಕರಂತೆ 72 ನಿಮಿಷ. ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ ಒಂಬತ್ತು ನಿಮಿಷ! ಹುಡುಗನನ್ನೇ ಕೇಳಿದೆ. ಬೆಳಿಗ್ಗೆ ನೀರು ತುಂಬುವುದು, ಶಾಲೆ, ಸಂಜೆ ಟ್ಯೂಷನ್, ಆಮೇಲೆ ತಂಗಿಯನ್ನು ನೋಡಿಕೊಳ್ಳುವುದು, ಊಟವಾದ ಮೇಲೆ ಒಂದೇ ಕೋಣೆಯಲ್ಲಿ ಟಿವಿ. ಎಲ್ಲರೂ ಮಲಗುವ ಮುಂಚೆ ದೀಪ ಆರಿಸುವವರೆಗೆ ಸಿಗುವುದು ಅಷ್ಟೇ. ಎಂಟು ದಿನಕ್ಕೆ 18 ಪುಟ ಎಂಬ ತಂದೆಯ ತ್ರೈರಾಶಿಯಂತೆ 150 ಪುಟಕ್ಕೆ 67 ದಿನ ಬೇಕಿತ್ತು. ಆ ಲೆಕ್ಕ ಹುಡುಗನ ತಲೆಯದ್ದಲ್ಲ, ಮನೆಯ ವೇಳಾಪಟ್ಟಿಯದ್ದು.

ರಜೆಯಲ್ಲಿ ಅವನು ಆಗಾಗ ಶಾಲೆಗೆ ಬರುತ್ತಿದ್ದ. ನನ್ನ ಕಿಸೆಯ ವಾಚು ಕೆಲಸ ಮಾಡುತ್ತಲೇ ಇತ್ತು. ನಲವತ್ತನೇ ಪುಟದ ಆಸುಪಾಸು ಪುಟಕ್ಕೆ ಮೂರು ನಿಮಿಷ. ತೊಂಬತ್ತರ ಹೊತ್ತಿಗೆ ಎರಡು ನಿಮಿಷದ ಮೇಲೆ ಸ್ವಲ್ಪ. ಒಂದು ತಿಂಗಳಲ್ಲಿ ಅವನ ಬುದ್ಧಿ ಇಮ್ಮಡಿಯಾಯಿತೇ? ಅಲ್ಲ. ಪುಸ್ತಕವೇ ಸುಲಭವಾಗುತ್ತ ಹೋಯಿತು. ಯಾವ ಕಾದಂಬರಿಯಾದರೂ ಮೊದಲ ಮೂವತ್ತು ಪುಟ ಹೊಸ ಊರಿಗೆ ಹೋದಂತೆ. ಯಾರು ಯಾರ ಮಗ, ಯಾವ ದಾರಿ ಎಲ್ಲಿಗೆ, ಒಂದೂ ತಿಳಿಯದು. ಆಮೇಲೆ ಅವೇ ಹೆಸರು, ಅದೇ ಕಾಡು, ಲೇಖಕರ ಅವೇ ಮೆಚ್ಚಿನ ಪದಗಳು ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಒಬ್ಬನೇ ಲೇಖಕನ, ಒಂದೇ ವಿಷಯದ ಪುಸ್ತಕಗಳನ್ನು ಸಾಲಾಗಿ ಓದುವುದು ಭಾಷೆ ಕಲಿಯುವವರಿಗೆ ಒಳ್ಳೆಯದೆಂದು ಅಮೆರಿಕದ ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಶೆನ್ ಬಹಳ ಹಿಂದೆಯೇ ಹೇಳಿದ್ದಾರೆ. ಹತ್ತು ಪುಟ ಓದಿಸಿ 'ನಿನಗೆ ಇದು ಆಗದು, ಬಿಡು' ಎಂದು ಪುಸ್ತಕ ಬದಲಿಸುತ್ತ ಹೋದರೆ ಮಗು ಯಾವಾಗಲೂ ಹೊಸ ಊರಿನ ಬಸ್ ನಿಲ್ದಾಣದಲ್ಲೇ ನಿಂತಿರುತ್ತದೆ.

ಇನ್ನೊಂದು ವಿಷಯ ನನ್ನನ್ನು ಬೆರಗುಗೊಳಿಸಿತು. ಜೇನಿನ ಪ್ರಸಂಗ ಬಂದಾಗ ಈ ನಿಧಾನಿ ಸಲೀಸಾಗಿ ಓದಿದ. ಕೇಳಿದರೆ, ಅವನ ಅಜ್ಜಿಯ ಊರು ಜಾಂಬೋಟಿಯ ಕಡೆ. ಹೆಜ್ಜೇನು ಯಾವುದು, ತುಡುವೆ ಯಾವುದು, ಹೊಗೆ ಹೇಗೆ ಹಾಕುತ್ತಾರೆ, ಎಲ್ಲ ಕಣ್ಣಾರೆ ಕಂಡಿದ್ದಾನೆ. ಅದೇ ಪುಸ್ತಕವನ್ನು ನಾಲ್ಕು ದಿನದಲ್ಲಿ ಮುಗಿಸಿ ಕೊಟ್ಟಿದ್ದ ನಮ್ಮ ವರ್ಗದ ಜಾಣೆಯೊಬ್ಬಳಿಗೆ ಆ ಭಾಗ ನೆನಪೇ ಇರಲಿಲ್ಲ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಇಂಥದ್ದೇ ಪರೀಕ್ಷೆ ಮಾಡಿದ್ದರು. ಏಳು, ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಪುಸ್ತಕದ ಕಾಠಿಣ್ಯ ಅರ್ಧ ಪುಟದಲ್ಲಿದ್ದರೆ ಅರ್ಧ ಓದುವವನ ಅಜ್ಜಿಯ ಊರಿನಲ್ಲಿದೆ.

ಇದು ಗೊತ್ತಿದ್ದರೆ ಪಾಲಕರಿಗೆ ಒಂದು ಸುಲಭದ ಕೆಲಸವಿದೆ. ಪುಸ್ತಕ ಕೊಡುವ ಮುಂಚೆ ಹತ್ತು ನಿಮಿಷ ಮಾತಾಡಿ. ಮಲೆನಾಡಿನವರು ಬಂದೂಕಿಗೆ ಕೋವಿ ಎನ್ನುತ್ತಾರೆ, ಕಾಡಿನಲ್ಲಿ ರಕ್ತ ಹೀರುವ ಜಿಗಣೆಗೆ ಇಂಬಳ ಎನ್ನುತ್ತಾರೆ ಎಂದು ಹೇಳಿ. ಹಾರುವ ಓತಿ ನಿಜಕ್ಕೂ ಪಶ್ಚಿಮ ಘಟ್ಟದಲ್ಲಿದೆ, ಅದಕ್ಕೆ ಹಕ್ಕಿಯ ರೆಕ್ಕೆ ಇಲ್ಲ, ಪಕ್ಕೆಲುಬುಗಳನ್ನು ಹೊರಚಾಚಿ ಅದರ ಮೇಲಿನ ಚರ್ಮವನ್ನು ಛತ್ರಿಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ ಎಂದು ಹೇಳಿ. ಮೊದಲ ಐದಾರು ಪುಟಗಳನ್ನು ನೀವೇ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಓದಲು ಬಾರದ ತಾಯಿ ತಂದೆಯರು 'ಎಲ್ಲೀತನಕ ಬಂತು ಕಥಿ?' ಎಂದು ಕೇಳಿದರೂ ಸಾಕು. ಹೇಳಬೇಕೆಂಬ ಆಸೆಗೆ ಮಕ್ಕಳು ಓದುತ್ತಾರೆ.

ಐದು ಬೆರಳಿನ ಪರೀಕ್ಷೆ ಎಂದೊಂದಿದೆ. ಒಂದು ಪುಟ ಓದಿಸಿ, ತಿಳಿಯದ ಪದಕ್ಕೊಂದು ಬೆರಳು ಮಡಚಿಸಿ, ಐದೂ ಮಡಚಿದರೆ ಪುಸ್ತಕ ಕಠಿಣ ಎನ್ನುತ್ತಾರೆ. ಪಾಠಪುಸ್ತಕಕ್ಕೆ ಸರಿ. ಸಾಹಸ ಕಾದಂಬರಿಗೆ ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಗಿಡದ ಹೆಸರು ಗೊತ್ತಿಲ್ಲದಿದ್ದರೂ ಅದರ ಹಿಂದೆ ಏನೋ ಅಡಗಿದೆ ಎಂಬುದು ಗೊತ್ತಾದರೆ ಕಥೆ ನಡೆಯುತ್ತದೆ. ವರ್ಣನೆಯ ಒಂದು ಪ್ಯಾರಾ ಹಾರಿಸಿದರೂ ಬೈಯಬೇಡಿ. ಹಾಗೆಯೇ, ನಮ್ಮ ಹುಡುಗ ಕೊನೆಯ ಭಾಗಕ್ಕೆ ಬಂದಾಗ ಅವನ ವೇಗ ಇದ್ದಕ್ಕಿದ್ದಂತೆ ಕುಸಿಯಿತು. ಮತ್ತೆ ಪುಟಕ್ಕೆ ನಾಲ್ಕು ನಿಮಿಷ. ಗಾಬರಿಯಾಗಿ ನೋಡಿದರೆ ಅದೇ ಪುಟವನ್ನು ಎರಡನೇ ಸಲ ಓದುತ್ತಿದ್ದ. "ಯಾಕೋ?" ಎಂದೆ. "ಚಲೋ ಐತ್ರಿ ಸರ" ಎಂದ. ನನ್ನ ಸ್ಟಾಪ್‌ವಾಚಿಗೆ ಈ ನಾಲ್ಕು ನಿಮಿಷಕ್ಕೂ ಮೊದಲಿನ ನಾಲ್ಕು ನಿಮಿಷಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಅಂದಿನಿಂದ ಅದನ್ನು ಲೋಲಕಕ್ಕೇ ಬಿಟ್ಟಿದ್ದೇನೆ.

ತಂದೆಗೆ ನಾನು ಕೊಟ್ಟ ಉತ್ತರ ಹೀಗಿತ್ತು: "ಏಳು ತಾಸಿನ ಪುಸ್ತಕ ಐತ್ರೀ ಇದು. ದಿನಾ ಇಪ್ಪತ್ತ ನಿಮಿಷ ಟಿವಿ ಬಂದ್ ಮಾಡ್ರಿ, ಮೂರ ವಾರಕ್ಕ ಮುಗೀತೈತಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಳ ತಾಸು ಅಂದ್ರ ನಮ್ಮ ಒಂದ ಶಿಫ್ಟಿಗಿಂತ ಕಡಿಮೀನ ಆತಲ್ರೀ" ಎಂದರು. ಲೆಕ್ಕ ತಪ್ಪಲಿಲ್ಲ. 24ನೇ ದಿನಕ್ಕೆ ಪುಸ್ತಕ ಅಲಮಾರಿಗೆ ಬಂತು. ಮೂರು ದಿನ ಅಜ್ಜಿಯ ಊರಿನ ಜಾತ್ರೆಗೆ ಹೋಗಿದ್ದನಂತೆ.

ಮುಂದೇನು ಎಂದು ಕೇಳಿದ. ಮಕ್ಕಳಿಗೆಂದೇ ಬರೆದ ಕಾದಂಬರಿಗಳಿಗೆ ಕನ್ನಡದಲ್ಲಿ ಈಗ ಬರವಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಹೀಗೆ ಸಾಲಾಗಿ ಮೂರು ವರ್ಷ ಕಾದಂಬರಿಗಳಿಗೇ ಬಂದಿದೆ. 'ಬಾವಲಿ ಗುಹೆ' ಎಂಬ ಹೆಸರು ಕೇಳಿದ್ದೇ ಹುಡುಗನ ಕಣ್ಣರಳಿತು. ನಾನೂ ನನ್ನ ಹತ್ತು ನಿಮಿಷದ ಮಾತು ತೆಗೆದೆ. ನಮ್ಮ ಖಾನಾಪುರ ತಾಲೂಕಿನ ತಳೇವಾಡಿಯ ಬಳಿ ಬಾರಾಪೇಡೆ ಎಂಬ ಗುಹೆಗಳಿವೆ. ಅಲ್ಲಿರುವ ಒಂದು ಜಾತಿಯ ಬಾವಲಿಯನ್ನು 1913ರಲ್ಲಿ ವಿಜ್ಞಾನಿಗಳು ಮೊದಲ ಬಾರಿಗೆ ಹೆಸರಿಟ್ಟು ವರ್ಣಿಸಿದರು. ದೀರ್ಘಕಾಲ ಅದು ಜಗತ್ತಿನಲ್ಲಿ ಇದೊಂದೇ ಕಡೆ ಇದೆ ಎಂದು ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲಿ, ದೂರದ ಕಾಂಬೋಡಿಯಾದಲ್ಲಿ ಕಂಡುಬಂತು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದ ಕಾಡು ಅದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾರೂ ಹೋಗುವಂತಿಲ್ಲ, ಹೋಗಿ ಬಾವಲಿಗಳ ನಿದ್ದೆ ಕೆಡಿಸಲೂಬಾರದು.

ಹುಡುಗ ಎಲ್ಲವನ್ನೂ ಕೇಳಿ, ಪುಸ್ತಕದ ಪುಟ ತೆಗೆದು ಬೆರಳಿಟ್ಟು ಸಾಲು ಎಣಿಸತೊಡಗಿದ. "ಏನ ಮಾಡಾಕತ್ತೀಯೋ?" ಎಂದೆ.

"ಎಷ್ಟ ತಾಸಿಂದ ಐತಿ ಅಂತ ಅಪ್ಪಾ ಕೇಳ್ತಾರ್ರೀ ಸರ."